ಕಾರಿಗೆ ಒಪ್ಪುವ ಗಾಲಿ

ಕಾರು ಕೊಂಡವರಲ್ಲಿ ಎರಡು ಪಂಗಡದವರಿರುತ್ತಾರೆ. ಕಾರ್ಖಾನೆಯವರು ಕೊಟ್ಟುದನ್ನು ಕೊಟ್ಟಂತೆಯೇ ಇಟ್ಟುಕೊಂಡು, ಎಣ್ಣೆ ನೀರು ನೋಡಿ ಓಡಿಸಿಕೊಂಡಿರುವವರು ಒಂದು ಪಂಗಡ. ತಂದ ತಿಂಗಳೊಳಗಾಗಿ ಅದಕ್ಕೆ ಏನಾದರೊಂದು ಅಲಂಕಾರ ಮಾಡದಿದ್ದರೆ ಸಮಾಧಾನವಿಲ್ಲದವರು ಇನ್ನೊಂದು ಪಂಗಡ. ಈ ಎರಡನೆಯವರ ಕಣ್ಣು ಮೊದಲು ಬೀಳುವುದು ಗಾಲಿಗಳ ಮೇಲೆ. ಕಾರ್ಖಾನೆಯ ಗಾಲಿ ಚಿಕ್ಕದಾಗಿ, ಬಡವಾಗಿ ಕಾಣುತ್ತದೆ. ಅಂಗಡಿಯ ಗೋಡೆಗೆ ತಗುಲಿಹಾಕಿದ ಹೊಳೆಹೊಳೆವ ಅಲಾಯ್ ಗಾಲಿ ದೊಡ್ಡದಾಗಿ, ಗಂಭೀರವಾಗಿ ಕಾಣುತ್ತದೆ. ಸ್ಪೋರ್ಟ್ಸ್ ಕಾರಿನ ಒಡೆಯರಲ್ಲಿ ಈ ಆಸೆ ಇನ್ನಷ್ಟು ಬಲವಾದುದು. ಅಂತಹ ಕಾರನ್ನು ಕೊಳ್ಳುವುದೇ ಅರ್ಧ ಓಟಕ್ಕಾಗಿ, ಅರ್ಧ ನೋಟಕ್ಕಾಗಿ.

ಆಸೆ ತಪ್ಪಲ್ಲ. ತಕ್ಕ ಗಾಲಿಯನ್ನು ಹಾಕಿದರೆ ಕಾರಿನ ನಡಿಗೆ ಹಸನಾಗುವುದೂ ಉಂಟು. ಆದರೆ ಅಳತೆ ತಪ್ಪಿದ ಓಲೆಯಿಂದ ಕಿವಿಗೆ ನೋವಾದೀತು, ಅಷ್ಟೆ. ಅಳತೆ ತಪ್ಪಿದ ಗಾಲಿಯಿಂದ ಒಳಗೆ ಕುಳಿತವರ ಜೀವಕ್ಕೇ ಎರವಾದೀತು. ಒಂದು ಲೆಕ್ಕವನ್ನು ನೋಡಿ. ಒಂದು ಸಣ್ಣ ಸ್ಪೋರ್ಟ್ಸ್ ಕಾರು ಚಾಲಕನೂ ಸೇರಿ 1,000 ಕಿಲೋಗ್ರಾಂ ತೂಗುತ್ತದೆನ್ನೋಣ. ನಾಲ್ಕು ಗಾಲಿಗೂ ಸಮವಾಗಿ ಹಂಚಿದರೆ ಒಂದೊಂದರ ಮೇಲೆ 250 ಕಿಲೋಗ್ರಾಂ. ಟೈರಿನೊಳಗಿನ ಗಾಳಿಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 1.8 ಕಿಲೋಗ್ರಾಂ. ಹೀಗಿದ್ದರೆ ಒಂದು ಟೈರು ನೆಲವನ್ನು ಮುಟ್ಟುವ ಜಾಗ ಸುಮಾರು 140 ಚದರ ಸೆಂಟಿಮೀಟರು, ಎಂದರೆ ಬೆರಳು ಸೇರಿಸಿ ಚಾಚಿದ ಒಂದು ಅಂಗೈಯಷ್ಟು. ನೂರು ಕಿಲೋಮೀಟರು ವೇಗದಲ್ಲಿ ತಿರುವಿನಲ್ಲಿ ಹೋಗುವ ಕಾರನ್ನು ರಸ್ತೆಗೆ ಹಿಡಿದಿಟ್ಟಿರುವುದು ಇಂತಹ ನಾಲ್ಕು ಅಂಗೈಗಳು. ಗಾಲಿಯನ್ನು ಬದಲಾಯಿಸುವವನು ಈ ನಾಲ್ಕು ಅಂಗೈಗಳ ಹಿಡಿತದ ಮೇಲೆ ಕೈಯಿಡುತ್ತಿದ್ದಾನೆಂಬುದನ್ನು ಮರೆಯಬಾರದು.

ನಮ್ಮ ಹಳ್ಳಿಯ ಬಡಗಿಗೆ ಈ ಮಾತನ್ನು ಹೇಳಿಕೊಡಬೇಕಾಗಿರಲಿಲ್ಲ. ಬಂಡಿಯ ಅಚ್ಚು ಯಾವುದು, ಗುಂಬದ ತೂತು ಎಷ್ಟು, ಹೊರೆ ಎಷ್ಟು, ದಾರಿ ಎಂತಹುದು ಎಂದು ಕೇಳಿಕೊಂಡೇ ಅವನು ಗಾಲಿ ಕೂಡಿಸುತ್ತಿದ್ದ. ಒಬ್ಬನ ಬಂಡಿಯ ಗಾಲಿಯನ್ನು ಇನ್ನೊಬ್ಬನ ಬಂಡಿಗೆ ಸುಮ್ಮನೆ ಏರಿಸುತ್ತಿರಲಿಲ್ಲ. ದಶರಥನ ರಥದ ಕಡೆಗೀಲು ಕಳಚಿದಾಗ ಕೈಕೇಯಿ ತನ್ನ ಬೆರಳನ್ನೇ ಕೀಲಾಗಿ ಕೊಟ್ಟಳೆಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಗಾಲಿಯ ಹೊಂದಿಕೆ ತಪ್ಪಿದರೆ ಯುದ್ಧವೇ ತಪ್ಪುವುದೆಂಬ ಅರಿವು ಆ ಕಥೆಯಲ್ಲಿದೆ. ಅಂದಿನ ಗಾಲಿ ಬರಿಯ ಮರ ಕಬ್ಬಿಣ. ಇಂದಿನ ಗಾಲಿಯೊಳಗೆ ಗಾಳಿಯೂ ಸೇರಿದೆ. ಸ್ಕಾಟ್‌ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿ ಗಾಳಿ ತುಂಬಿದ ಟೈರಿಗೆ ಪೇಟೆಂಟು ಪಡೆದ. ಅದು ಬಳಕೆಗೆ ಬರದೆ ಮರೆತುಹೋಗಿ, 1888ರಲ್ಲಿ ಬೆಲ್‌ಫಾಸ್ಟ್ ನಗರದ ಜಾನ್ ಬಾಯ್ಡ್ ಡನ್‌ಲಪ್ ಮತ್ತೆ ಅದನ್ನು ಕಂಡುಹಿಡಿದ ಮೇಲೆಯೇ ಲೋಕಕ್ಕೆ ರೂಢಿಯಾಯಿತು. ಕನ್ನಡದಲ್ಲಿ ಗಾಲಿಗೂ ಗಾಳಿಗೂ ಒಂದಕ್ಷರದ ಅಂತರ. ಇಂದಿನ ಕಾರಿನಲ್ಲಿ ಆ ಅಂತರವೂ ಉಳಿದಿಲ್ಲ.

ವಿಷಯ ಗಾಳಿಮಾತಾಗದಿರಲೆಂದು ಒಂದು ನಿಜವಾದ ಕಾರನ್ನೇ ಎದುರಿಗಿಟ್ಟುಕೊಳ್ಳೋಣ. ಜಪಾನಿನ ಹಿರೋಷಿಮಾ ಪ್ರಾಂತ್ಯದ ಮಜ್ದಾ ಕಂಪೆನಿಯವರು 1989ರ ಫೆಬ್ರವರಿಯಲ್ಲಿ ಅಮೆರಿಕದ ಷಿಕಾಗೋ ಮೋಟಾರು ಪ್ರದರ್ಶನದಲ್ಲಿ ಎಂ.ಎಕ್ಸ್.-5 ಎಂಬ ಕಾರನ್ನು ಮೊದಲು ತೋರಿಸಿದರು. ಅಮೆರಿಕದಲ್ಲಿ ಇದಕ್ಕೆ ಮಿಯಾಟಾ ಎಂದೂ ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್ ಎಂದೂ ಹೆಸರಾಯಿತು. ಇಬ್ಬರಿಗೆ ಮಾತ್ರ ಸ್ಥಳ, ಮಡಿಸಿಡಬಹುದಾದ ಮೇಲುಹೊದಿಕೆ, ಮುಂದೆ 1.6 ಲೀಟರಿನ ಎಂಜಿನು, ಎಳೆಯುವುದು ಹಿಂದಿನ ಗಾಲಿಗಳು, ಬರಿಯ ತೂಕ 1,000 ಕಿಲೋಗ್ರಾಂಗೂ ಕಡಮೆ. ಎರಡು ಆಸನದ, ಮೇಲುಹೊದಿಕೆ ತೆರೆಯಬಹುದಾದ ಸ್ಪೋರ್ಟ್ಸ್ ಕಾರುಗಳಲ್ಲಿ ಇಷ್ಟು ಮಾರಾಟವಾದುದು ಬೇರೊಂದಿಲ್ಲ. 2016ರಲ್ಲಿ ಇದರ ಸಂಖ್ಯೆ ಹತ್ತು ಲಕ್ಷವನ್ನು ಮುಟ್ಟಿತು. ಕಂಪೆನಿಯವರು ಇದನ್ನು ನಮ್ಮ ದೇಶದ ಪೇಟೆಗೆ ತಂದವರಲ್ಲ. ಆದರೆ ಹೊರನಾಡುಗಳಲ್ಲಿ ಗಾಲಿ ಬದಲಾಯಿಸುವ ಹವ್ಯಾಸಿಗಳ ಪ್ರೀತಿಯ ಕಾರು ಇದೇ. ಇದರ ಮೊದಲನೆಯ ಮಾದರಿಯ ಗಾಲಿಯನ್ನು ಬಲ್ಲವರು ಯಾವ ಕಾರಿನ ಗಾಲಿಯನ್ನಾದರೂ ಪರೀಕ್ಷಿಸಬಲ್ಲರು.

ಟೈರಿನ ಪಕ್ಕೆಯ ಮೇಲೆ ಉಬ್ಬಿದ ಅಕ್ಷರಗಳಿರುತ್ತವೆ. ಶಾಸನ ಓದಿ ಅಭ್ಯಾಸವಾದವರಿಗೆ ಇದೂ ಒಂದು ಶಾಸನದಂತೆಯೇ. ಲಿಪಿ ಗೊತ್ತಾದರೆ ಅರ್ಥ ತಾನಾಗಿ ಬಿಡಿಸಿಕೊಳ್ಳುತ್ತದೆ. ಈ ಕಾರಿನ ಟೈರಿನಲ್ಲಿ "185/60 ಆರ್ 14 82 ಎಚ್" ಎಂದಿದೆ. 185 ಎಂದರೆ ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 60 ಎಂದರೆ ಪಕ್ಕೆಯ ಎತ್ತರ. ಆದರೆ ಮಿಲಿಮೀಟರಲ್ಲ, ಅಗಲದ ನೂರಕ್ಕೆ ಅರವತ್ತು ಪಾಲು. 'ಆರ್' ಎಂಬುದು ಟೈರಿನೊಳಗಿನ ಎಳೆಗಳು ಅಡ್ಡಡ್ಡಲಾಗಿ ಒಂದಂಚಿನಿಂದ ಇನ್ನೊಂದಂಚಿಗೆ ಹಾಯ್ದಿರುವ ರೇಡಿಯಲ್ ರಚನೆಯ ಗುರುತು. 14 ಎಂದರೆ ಒಳಗಿನ ಲೋಹದ ಗಾಲಿಯ ವ್ಯಾಸ, ಅದು ಅಂಗುಲಗಳಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಅಂಗುಲ ಮೂರೂ ಬೆರೆತಿರುವುದರಿಂದಲೇ ಹೊಸಬರಿಗೆ ದಿಕ್ಕುಗೆಡುವುದು. ಕಡೆಯ 82 ಎಂಬುದು ಹೊರೆಯ ಸಂಕೇತ. ಪಟ್ಟಿಯ ಪ್ರಕಾರ ಅದಕ್ಕೆ 475 ಕಿಲೋಗ್ರಾಂ ಎಂದು ಅರ್ಥ. 'ಎಚ್' ಎಂಬುದು ವೇಗದ ಸಂಕೇತ. ಗಂಟೆಗೆ 210 ಕಿಲೋಮೀಟರಿನವರೆಗೆ ತಾಳುತ್ತದೆ. ಇವಲ್ಲದೆ ಒಂದು ಮೂಲೆಯಲ್ಲಿ ನಾಲ್ಕಂಕಿಯ ಒಂದು ಸಂಖ್ಯೆಯುಂಟು. 2318 ಎಂದಿದ್ದರೆ ಅದು 2018ರ 23ನೆಯ ವಾರದಲ್ಲಿ ಹುಟ್ಟಿದ ಟೈರು. ಹಳೆಯ ಟೈರನ್ನು ಹೊಸದೆಂದು ಮಾರುವವರ ಮುಂದೆ ಈ ಅಂಕಿಯೇ ಸಾಕ್ಷಿ.

ಈಗ ಇಡೀ ಗಾಲಿಯ ಎತ್ತರವನ್ನು ಲೆಕ್ಕ ಹಾಕೋಣ. 185ರ ನೂರಕ್ಕೆ 60 ಎಂದರೆ 111 ಮಿಲಿಮೀಟರು. ಪಕ್ಕೆ ಮೇಲೊಂದು ಕೆಳಗೊಂದು ಇರುವುದರಿಂದ 222. ಹದಿನಾಲ್ಕು ಅಂಗುಲವನ್ನು 25.4ರಿಂದ ಗುಣಿಸಿದರೆ 355.6. ಎರಡನ್ನೂ ಕೂಡಿಸಿದರೆ 577.6 ಮಿಲಿಮೀಟರು. ಕಾರಿನ ಗೇರು, ವೇಗ ತೋರಿಸುವ ಸ್ಪೀಡೋಮೀಟರು, ಬ್ರೇಕು ಇವೆಲ್ಲವನ್ನೂ ಎಂಜಿನಿಯರರು ಹೊಂದಿಸಿರುವುದು ಈ ಎತ್ತರಕ್ಕೆ. ಆದುದರಿಂದ ಮೊದಲನೆಯ ಸೂತ್ರ ಇದು: ಲೋಹದ ಗಾಲಿಯನ್ನು ದೊಡ್ಡದು ಮಾಡಿದರೆ ಟೈರಿನ ಪಕ್ಕೆಯನ್ನು ಅಷ್ಟೇ ಕಿರಿದು ಮಾಡಬೇಕು, ಹೊರಗಿನ ಒಟ್ಟು ಎತ್ತರ ಮೊದಲಿನ ಹಾಗೆಯೇ ಉಳಿಯಬೇಕು. ನೂರಕ್ಕೆ ಎರಡು ಮೂರರಷ್ಟು ಹೆಚ್ಚುಕಡಮೆಯಾದರೆ ಸಹಿಸಬಹುದೆಂದು ಬಲ್ಲವರ ಮತ. ಅದಕ್ಕೂ ಕಡಮೆಯಾದಷ್ಟು ಲೇಸು.

ಹದಿನೈದು ಅಂಗುಲದ ಗಾಲಿಗೆ 195/50 ಟೈರು ಹಾಕಿದರೆ ಏನಾಗುತ್ತದೆ ನೋಡಿ. 195ರ ಅರ್ಧ 97.5, ಅದರ ಎರಡರಷ್ಟು 195, ಹದಿನೈದು ಅಂಗುಲಕ್ಕೆ 381, ಒಟ್ಟು 576 ಮಿಲಿಮೀಟರು. ಹಳೆಯದಕ್ಕೂ ಇದಕ್ಕೂ ವ್ಯತ್ಯಾಸ ಎರಡು ಮಿಲಿಮೀಟರು ಕೂಡ ಇಲ್ಲ. ಇದು ಬರಿಯ ಕಾಗದದ ಲೆಕ್ಕವಲ್ಲ. ಇದೇ ಕಾರಿನ ಎರಡನೆಯ ಮಾದರಿ 1998ರಲ್ಲಿ ಬಂದಾಗ ಕಂಪೆನಿಯವರೇ ಕೆಲವು ಕಾರುಗಳಿಗೆ ಈ ಅಳತೆಯನ್ನು ಕೊಟ್ಟರು. ಇನ್ನು ಹದಿನಾರು ಅಂಗುಲಕ್ಕೆ 205/45 ಹಾಕಿದರೆ ಎತ್ತರ 590.9 ಆಗಿ, ನೂರಕ್ಕೆ 2.3ರಷ್ಟು ಹೆಚ್ಚುತ್ತದೆ. 205/40 ಹಾಕಿದರೆ 570.4, ನೂರಕ್ಕೆ ಒಂದೂಕಾಲರಷ್ಟು ಕಡಮೆ. ಹದಿನೇಳು ಅಂಗುಲಕ್ಕೆ 205/40 ಹಾಕಿದರೆ 595.8, ನೂರಕ್ಕೆ ಮೂರನ್ನು ದಾಟಿತು. ಆಗ ಸ್ಪೀಡೋಮೀಟರಿನ ಮುಳ್ಳು 100 ತೋರಿಸುವಾಗ ಕಾರು ಮೊದಲಿಗಿಂತ ಮೂರು ಕಿಲೋಮೀಟರು ಹೆಚ್ಚಿಗೆ ಓಡುತ್ತಿರುತ್ತದೆ. ಜೊತೆಗೆ ಎಂಜಿನಿಗೆ ಗೇರು ಅಷ್ಟು ಭಾರವಾಗಿ, ಎಳೆಯುವ ಚುರುಕು ಕುಂದುತ್ತದೆ. ಓಟಕ್ಕೆಂದು ಮಾಡಿದ ಬದಲಾವಣೆ ಓಟವನ್ನೇ ನುಂಗಿತು!

ದೊಡ್ಡ ಗಾಲಿಯಿಂದ ಲಾಭವೇ ಇಲ್ಲವೆಂದಲ್ಲ. ಪಕ್ಕೆ ಕಿರಿದಾದರೆ ತಿರುವಿನಲ್ಲಿ ಟೈರು ಓರೆಗೆ ಬಾಗುವುದು ಕಡಮೆಯಾಗಿ, ಸ್ಟೀಯರಿಂಗು ಹೇಳಿದ ಮಾತನ್ನು ಕಾರು ಬೇಗ ಕೇಳುತ್ತದೆ. ದೊಡ್ಡ ಬ್ರೇಕು ಹಾಕಬೇಕೆನ್ನುವವರಿಗೆ ಒಳಗೆ ಸ್ಥಳ ದೊರೆಯುತ್ತದೆ. ಆದರೆ ಪ್ರತಿಯೊಂದು ಲಾಭದ ಬೆನ್ನಿಗೂ ಒಂದು ನಷ್ಟವುಂಟು. ರಸ್ತೆಯ ಕುಲುಕನ್ನು ಮೊದಲು ನುಂಗುವುದು ಟೈರಿನ ಪಕ್ಕೆ. 111 ಮಿಲಿಮೀಟರಿದ್ದ ಪಕ್ಕೆ 82ಕ್ಕೆ ಇಳಿದರೆ ಪ್ರತಿಯೊಂದು ಗುಂಡಿಯೂ ಸೊಂಟಕ್ಕೆ ತಿಳಿಯುತ್ತದೆ. ಗುಂಡಿ ಆಳವಾಗಿದ್ದರೆ ಲೋಹದ ಅಂಚೇ ಬಾಗುತ್ತದೆ ಅಥವಾ ಸೀಳುತ್ತದೆ. ಇನ್ನು ತೂಕದ ಮಾತು. ಕುಂಬಾರನ ತಿಗುರಿಯನ್ನು ನೋಡಿದ್ದೀರಿ. ಅಂಚು ಭಾರವಾದ ತಿಗುರಿಯನ್ನು ತಿರುಗಿಸಲು ಹೆಚ್ಚು ಬಲ ಬೇಕು, ತಿರುಗುವುದನ್ನು ನಿಲ್ಲಿಸಲೂ ಹೆಚ್ಚು ಬಲ ಬೇಕು. ಗಾಲಿ ದೊಡ್ಡದಾದಂತೆ ಅದರ ಲೋಹವೆಲ್ಲ ಅಂಚಿನ ಕಡೆಗೆ ಸರಿಯುತ್ತದೆ. ಎಂಜಿನಿಗೂ ಬ್ರೇಕಿಗೂ ಅದರಿಂದ ದುಡಿಮೆ ಹೆಚ್ಚು. ಅಲ್ಲದೆ ಗಾಲಿ ಇರುವುದು ಸ್ಪ್ರಿಂಗಿನ ಕೆಳಗೆ. ಸ್ಪ್ರಿಂಗಿನ ಮೇಲಿನ ಭಾರ ತೊಟ್ಟಿಲಲ್ಲಿ ಕುಳಿತ ಹಾಗೆ. ಕೆಳಗಿನ ಭಾರ ಪ್ರತಿ ಉಬ್ಬಿನಲ್ಲಿಯೂ ಹಾರಿ ಬೀಳಬೇಕು. ಭಾರವಾದ ಗಾಲಿ ಉಬ್ಬಿನಲ್ಲಿ ಹಾರಿದರೆ ಮತ್ತೆ ನೆಲಕ್ಕೆ ಬಂದು ಹಿಡಿಯುವುದು ತಡ. ಹಗುರವಾದ ಗಾಲಿಯನ್ನು ಓಟದವರು ಮೆಚ್ಚುವುದು ಇದಕ್ಕಾಗಿಯೇ. ಆದುದರಿಂದ ಅಂಗಡಿಯಲ್ಲಿ ಬೆಲೆ ಕೇಳುವ ಮುನ್ನ ತೂಕ ಕೇಳಿರಿ.

ಅಗಲದ ವಿಚಾರದಲ್ಲಿ ಒಂದು ಭ್ರಮೆ ಬಹಳ ಹರಡಿದೆ. ಟೈರು ಅಗಲವಾದಷ್ಟೂ ನೆಲವನ್ನು ಮುಟ್ಟುವ ಜಾಗ ಹೆಚ್ಚು ಎಂದು ಜನ ತಿಳಿಯುತ್ತಾರೆ. ಮೇಲೆ ಹೇಳಿದ ಅಂಗೈಯ ಲೆಕ್ಕವನ್ನು ನೆನೆಯಿರಿ. ಆ ಜಾಗವನ್ನು ಬಹುಮಟ್ಟಿಗೆ ನಿಶ್ಚಯಿಸುವುದು ಭಾರ ಮತ್ತು ಗಾಳಿಯ ಒತ್ತಡ. ಅವೆರಡೂ ಮೊದಲಿನಂತೆಯೇ ಇದ್ದರೆ ಅಗಲ ಟೈರಿನಲ್ಲಿ ಅಂಗೈಯ ಆಕಾರ ಬದಲಾಗಿ, ಅಡ್ಡಕ್ಕೆ ಅಗಲ, ಉದ್ದಕ್ಕೆ ಗಿಡ್ಡವಾಗುತ್ತದೆ. ವಿಸ್ತೀರ್ಣ ಹೆಚ್ಚು ಬೆಳೆಯುವುದಿಲ್ಲ. ಒಣ ರಸ್ತೆಯ ತಿರುವಿನಲ್ಲಿ ಈ ಆಕಾರ ಒಳ್ಳೆಯದು. ನೀರು ನಿಂತ ರಸ್ತೆಯಲ್ಲಿ ಇದೇ ಅವಗುಣ. ಅಗಲವಾದ ಟೈರು ನೀರನ್ನು ಸೀಳಿ ಪಕ್ಕಕ್ಕೆ ತಳ್ಳಲಾರದೆ ಅದರ ಮೇಲೆಯೇ ದೋಣಿಯಂತೆ ತೇಲುವ ಸಂಭವ ಹೆಚ್ಚು. ಹಗುರ ಕಾರಿಗೆ ಬಹಳ ಅಗಲದ ಟೈರು ತೊಡಿಸುವವರು ಮಳೆಗಾಲವನ್ನು ಮರೆತವರು.

ಟೈರಿಗೂ ಗಾಲಿಗೂ ಅಗಲದ ಹೊಂದಿಕೆ ಬೇಕು. 185/60 ಹದಿನಾಲ್ಕರ ಟೈರು ಐದರಿಂದ ಆರೂವರೆ ಅಂಗುಲ ಅಗಲದ ಗಾಲಿಗೆ ಸಲ್ಲುತ್ತದೆ. 195/50 ಹದಿನೈದರದು ಐದೂವರೆಯಿಂದ ಏಳಕ್ಕೆ. ಈ ಎಲ್ಲೆಯನ್ನು ಟೈರು ಮಾಡುವವರ ಪಟ್ಟಿಯಲ್ಲಿ ನೋಡಬಹುದು. ಕಿರಿದಾದ ಟೈರನ್ನು ಅಗಲವಾದ ಗಾಲಿಗೆ ಎಳೆದು ಹಾಕುವುದು ಕೆಲವರಿಗೆ ಈಗ ಷೋಕಿಯಾಗಿದೆ. ಗಿಡ್ಡ ಅಂಗಿಯನ್ನು ಎಳೆದು ಗುಂಡಿ ಹಾಕಿದಂತೆ, ಅದು ಯಾವ ತಿರುವಿನಲ್ಲಿ ಕಿತ್ತುಬರುವುದೋ ಹೇಳಲಾಗುವುದಿಲ್ಲ. ಗಾಲಿಯ ಅಗಲವನ್ನು ಟೈರಿನ ಅಂಚು ಕೂರುವ ಒಳಜಾಗದಲ್ಲಿ ಅಳೆಯುತ್ತಾರೆಂಬುದನ್ನೂ ನೆನಪಿಡಿ. ಹೊರಗಿನಿಂದ ಹೊರಕ್ಕೆ ಟೇಪು ಹಿಡಿದರೆ ಸುಮಾರು ಒಂದು ಅಂಗುಲ ಹೆಚ್ಚು ಬರುತ್ತದೆ.

ಇಷ್ಟೆಲ್ಲ ಸರಿಯಾಗಿದ್ದರೂ ಕೆಲಸ ಕೆಡಿಸುವ ಒಂದು ಅಳತೆಯುಂಟು. ಅದಕ್ಕೆ ಆಫ್‌ಸೆಟ್ ಎಂದು ಹೆಸರು. ಗಾಲಿಯ ಅಗಲದ ನಟ್ಟನಡುವೆ ಒಂದು ಗೆರೆ ಎಳೆದಂತೆ ಭಾವಿಸಿ. ಗಾಲಿ ಕಾರಿಗೆ ಅಂಟಿ ಕೂರುವ ಮುಖ ಆ ಗೆರೆಯಿಂದ ಎಷ್ಟು ದೂರದಲ್ಲಿದೆಯೆಂಬುದೇ ಆಫ್‌ಸೆಟ್. ಮುಖವು ಗೆರೆಗಿಂತ ಹೊರಗಡೆಗೆ, ಎಂದರೆ ರಸ್ತೆಯಂಚಿನ ಕಡೆಗೆ ಇದ್ದರೆ ಧನ; ಒಳಗಡೆಗೆ ಇದ್ದರೆ ಋಣ. ಗಾಲಿಯ ಮೇಲೆ ಇದನ್ನು 'ಇ.ಟಿ.' ಎಂಬ ಎರಡು ಜರ್ಮನ್ ಅಕ್ಷರಗಳ ಮುಂದೆ ಕೊರೆದಿರುವುದುಂಟು. ನಮ್ಮ ಮಜ್ದಾ ಕಾರಿನ ಮೂಲ ಗಾಲಿ ಐದೂವರೆ ಅಂಗುಲ ಅಗಲ, ಆಫ್‌ಸೆಟ್ 45 ಮಿಲಿಮೀಟರು. ಐದೂವರೆ ಅಂಗುಲವೆಂದರೆ 139.7, ಅದರ ಅರ್ಧ ಸುಮಾರು 70. ಎಪ್ಪತ್ತರಲ್ಲಿ 45 ಕಳೆದರೆ 25. ಎಂದರೆ ಕೂರುವ ಮುಖದಿಂದ ಗಾಲಿ ಹೊರಕ್ಕೆ ಚಾಚಿರುವುದು 25 ಮಿಲಿಮೀಟರು. ಎಪ್ಪತ್ತಕ್ಕೆ 45 ಕೂಡಿಸಿದರೆ 115. ಅದು ಒಳಕ್ಕೆ ಚಾಚಿರುವ ಅಳತೆ.

ಈಗ ಏಳು ಅಂಗುಲ ಅಗಲದ ಗಾಲಿಯನ್ನು ತನ್ನಿ. ಅದರ ಅರ್ಧ 89. ಆಫ್‌ಸೆಟ್ 45 ಆಗಿಯೇ ಇದ್ದರೆ ಹೊರಕ್ಕೆ 44, ಒಳಕ್ಕೆ 134. ಎರಡು ಕಡೆಯೂ 19 ಮಿಲಿಮೀಟರು ಬೆಳೆಯಿತು. ಒಳಗೆ ಸ್ಪ್ರಿಂಗಿಗೋ ಕೈಗಳಿಗೋ ತಗುಲುವ ಭಯ. ಆಫ್‌ಸೆಟ್ 25 ಆದರೆ ಹೊರಕ್ಕೆ 64, ಒಳಕ್ಕೆ 114. ಒಳಗೆ ಮೊದಲಿನಷ್ಟೇ ನಿರಾಳ. ಆದರೆ ಹೊರಕ್ಕೆ 39 ಮಿಲಿಮೀಟರು, ಎಂದರೆ ಒಂದೂವರೆ ಅಂಗುಲ ಚಾಚಿತು. ಈಗ ಮಡ್‌ಗಾರ್ಡಿಗೆ ತಗುಲುವ ಭಯ. ಇನ್ನು ಆರು ಅಂಗುಲದ ಗಾಲಿ, ಆಫ್‌ಸೆಟ್ 40 ಎನ್ನೋಣ. ಅರ್ಧ 76; ಹೊರಕ್ಕೆ 36, ಒಳಕ್ಕೆ 116. ಹೊರಗೆ 11 ಮಿಲಿಮೀಟರು ಬೆಳೆದರೆ ಒಳಗೆ ಬರಿಯ ಒಂದು. ಕಂಪೆನಿಯವರು ಎರಡನೆಯ ಮಾದರಿಗೆ ಕೊಟ್ಟುದು ಇದನ್ನೇ ಎಂದರೆ ಅವರ ಲೆಕ್ಕದ ಅಂದ ತಿಳಿಯುತ್ತದೆ. ಆಫ್‌ಸೆಟ್ ಬಹಳ ಬದಲಾದರೆ ತಗುಲುವುದೊಂದೇ ತೊಂದರೆಯಲ್ಲ. ಬೇರಿಂಗಿನ ಮೇಲೆ ಭಾರ ಓರೆಯಾಗಿ ಬೀಳುತ್ತದೆ. ಸ್ಟೀಯರಿಂಗು ರಸ್ತೆಯ ಪ್ರತಿ ಉಬ್ಬಿಗೂ ಕೈಯನ್ನು ಜಗ್ಗುತ್ತದೆ. ಗಾಲಿಯ ಹಿಂದೆ ಸ್ಪೇಸರು ಎಂಬ ಬಿಲ್ಲೆಯನ್ನು ಇಟ್ಟರೂ ಆಗುವುದು ಇದೇ.

ಇಂಗ್ಲೆಂಡಿನಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇದೇ ಕಾರನ್ನು ಕೊಂಡು, ಹದಿನೇಳು ಅಂಗುಲದ, ಏಳು ಅಂಗುಲ ಅಗಲದ, 25ರ ಆಫ್‌ಸೆಟ್‌ನ ಗಾಲಿಗಳನ್ನು ಹಾಕಿಸಿದ. "ನಾಲ್ಕು ತೂತೂ ಕೂತವು ಮೇಷ್ಟ್ರೇ, ಅಂಗಡಿಯವರು ಸರಿಯಾಗಿದೆ ಎಂದರು" ಎಂದು ಬರೆದಿದ್ದ. ಒಬ್ಬನೇ ಊರೊಳಗೆ ಓಡಿಸುವಾಗ ಯಾವ ಸದ್ದೂ ಇರಲಿಲ್ಲವಂತೆ. ಹೆಂಡತಿಯನ್ನು ಕೂರಿಸಿಕೊಂಡು, ಹಿಂದೆ ಸಾಮಾನು ತುಂಬಿಕೊಂಡು ದೂರ ಹೊರಟ ದಿನ, ತಗ್ಗೊಂದರಲ್ಲಿ ಕಾರು ಕುಸಿದು ಮೇಲೇಳುವಾಗ ಮಡ್‌ಗಾರ್ಡಿನ ಒಳಮಡಿಕೆ ಟೈರಿಗೆ ತಗುಲಿ ಗರಗರ ಎಂದಿತು. ಅವನು ಬುದ್ಧಿವಂತ, ನಿಲ್ಲಿಸಿ ನೋಡಿದ. ಟೈರಿನ ಭುಜದ ಮೇಲೆ ಸುತ್ತಲೂ ಚಾಕುವಿನಿಂದ ಗೀರಿದಂತೆ ಗಾಯವಾಗಿ ಒಳಗಿನ ಎಳೆಗಳು ಕಾಣಿಸುತ್ತಿದ್ದುವು. ಇನ್ನು ಹತ್ತಾರು ಮೈಲಿ ಹೋಗಿದ್ದರೆ ಅದು ಹೆದ್ದಾರಿಯಲ್ಲಿ ಸಿಡಿಯುತ್ತಿತ್ತು. ವ್ಯಾಕರಣದ ಪಾಠದಲ್ಲಿ ನಾನು ಹೇಳುತ್ತಿದ್ದ ಮಾತನ್ನೇ ಅವನಿಗೆ ಬರೆದೆ: ಕೂರುವುದು ಬೇರೆ, ಒಪ್ಪುವುದು ಬೇರೆ. ಪದ ಸಾಲಿನಲ್ಲಿ ಕೂತ ಮಾತ್ರಕ್ಕೆ ವಾಕ್ಯವಾಗುವುದಿಲ್ಲ; ಅನ್ವಯವಾಗಬೇಕು. ಅವನು ಆ ಗಾಲಿಗಳನ್ನು ಮಾರಿ, ಹದಿನೈದರ ಜೊತೆಯೊಂದನ್ನು ಹಾಕಿಸಿಕೊಂಡ. ಮೊದಲಿನವಕ್ಕೆ ಕೊಟ್ಟ ಹಣದಲ್ಲಿ ಬಹುಪಾಲು ಹೋಯಿತು, ಗಂಡಹೆಂಡಿರು ಉಳಿದರು.

ಆ ನಾಲ್ಕು ತೂತುಗಳ ವಿಚಾರಕ್ಕೆ ಬರೋಣ. ತೂತುಗಳ ನಡುವಿನ ಮೂಲಕ ಹಾಯುವ ವೃತ್ತದ ವ್ಯಾಸಕ್ಕೆ ಪಿ.ಸಿ.ಡಿ. ಎನ್ನುತ್ತಾರೆ. ಈ ಕಾರಿನದು ನಾಲ್ಕು ತೂತು, 100 ಮಿಲಿಮೀಟರು. ಎದುರುಬದುರು ತೂತುಗಳ ನಡುವನ್ನು ಅಳೆದರೆ 100 ಬರಬೇಕು. ಪಕ್ಕಪಕ್ಕದ ತೂತುಗಳ ನಡುವೆ 70.7 ಬರಬೇಕು. ಲೋಕದಲ್ಲಿ 98ರ ಗಾಲಿಗಳೂ ಇವೆ. ಎರಡು ಮಿಲಿಮೀಟರು ತಾನೆ ಎಂದು ಬಲವಂತವಾಗಿ ಬಿಗಿದರೆ ಬೋಲ್ಟುಗಳು ಓರೆಯಾಗಿ ಕೂತು, ಪ್ರತಿ ಸುತ್ತಿಗೂ ಸ್ವಲ್ಪಸ್ವಲ್ಪ ಬಾಗಿ, ಒಂದು ದಿನ ತುಂಡಾಗುತ್ತವೆ. ಇಲ್ಲಿ ರಾಜಿಗೆ ಎಡೆಯೇ ಇಲ್ಲ.

ನಡುವಿನ ದೊಡ್ಡ ತೂತು ಕಾರಿನ ಹಬ್‌ನ ಮೇಲೆ ಕೂರತಕ್ಕುದು. ಇಲ್ಲಿ ಹಬ್‌ನ ವ್ಯಾಸ 54.1 ಮಿಲಿಮೀಟರು. ಹೊರಗಿನ ಗಾಲಿ ಮಾಡುವವರು ಹಲವು ಬಗೆಯ ಕಾರಿಗೆ ಆಗಲೆಂದು ಈ ತೂತನ್ನು ದೊಡ್ಡದಾಗಿ, 67.1 ಅಥವಾ 73.1ರಷ್ಟು ಕೊರೆದಿರುತ್ತಾರೆ. ಆಗ ನಡುವಣ ಸಂದನ್ನು ತುಂಬುವ ಉಂಗುರಗಳನ್ನು ಹಾಕಬೇಕು. ಹಾಕದಿದ್ದರೆ ಗಾಲಿ ಕೂದಲೆಳೆಯಷ್ಟು ಪಕ್ಕಕ್ಕೆ ಕೂತು ವೇಗದಲ್ಲಿ ಸ್ಟೀಯರಿಂಗು ನಡುಗುತ್ತದೆ. ಕೊಳ್ಳುವವರು ಟೈರಿನ ದೋಷವೆಂದು ಹೊಸ ಟೈರು ತರುತ್ತಾರೆ. ದೋಷವಿದ್ದುದು ಒಂದು ಉಂಗುರದಲ್ಲಿ.

ನಟ್ಟುಗಳು ಇಂದಿನ ಕಡೆಗೀಲುಗಳು. ಗಾಲಿ ಬದಲಾದರೆ ನಟ್ಟಿನ ತಲೆಯ ಕೆಳಗಿನ ಆಕಾರವೂ ಬದಲಾಗಬಹುದು. ಕೆಲವಕ್ಕೆ ಶಂಕುವಿನಂತೆ ಚೂಪು, ಕೆಲವಕ್ಕೆ ಚೆಂಡಿನಂತೆ ದುಂಡು, ಕೆಲವಕ್ಕೆ ಚಪ್ಪಟೆ. ದುಂಡು ತೂತಿಗೆ ಚೂಪು ನಟ್ಟು ಹಾಕಿದರೆ ಅದು ಬಿಗಿದಂತೆ ತೋರಿ ಬಿಗಿಯದೆ ಇರುತ್ತದೆ. ಬಿಗಿಯುವ ಬಲಕ್ಕೂ ಅಳತೆಯಿದೆ. ಈ ಕಾರಿಗೆ 88ರಿಂದ 118 ನ್ಯೂಟನ್ ಮೀಟರು. ಸಾಮಾನ್ಯ ಮಾತಿನಲ್ಲಿ ಹೇಳುವುದಾದರೆ ಅರ್ಧ ಮೀಟರು ಉದ್ದದ ಪಾನಾದ ತುದಿಗೆ 18ರಿಂದ 24 ಕಿಲೋಗ್ರಾಂ ಭಾರ ಹೇರಿದಷ್ಟು. ಪಾನಾದ ಮೇಲೆ ಹತ್ತಿ ಕುಣಿಯುವ ಪದ್ಧತಿ ಬೇಡ. ಎದುರುಬದುರಾಗಿ ಬಿಗಿಯಬೇಕು, ನೂರು ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು.

ಬಲದ ಮಾತು ಕಡೆಯದಾದರೂ ಕಡೆಗಣಿಸತಕ್ಕುದಲ್ಲ. ಒಂದೊಂದು ಗಾಲಿಯೂ ಎಷ್ಟು ಹೊರೆ ಹೊರಬಲ್ಲುದೆಂದು ಮಾಡಿದವರು ಹೇಳಿರಬೇಕು. ಜನ ಸಾಮಾನು ತುಂಬಿದಾಗ ಹೆಚ್ಚು ಭಾರ ಬೀಳುವ ಅಚ್ಚಿಗೆ ಅನುಮತಿಸಿದ ತೂಕದ ಅರ್ಧಕ್ಕೆ ಅದು ಕಡಮೆಯಿರಬಾರದು. ಟೈರಿನ ಹೊರೆಯ ಸಂಕೇತವೂ ಹಳೆಯದಕ್ಕಿಂತ ಕೆಳಗಿಳಿಯಬಾರದು. ಜಪಾನಿನ ಗಾಲಿಗಳ ಮೇಲೆ 'ಜೆ.ಡಬ್ಲ್ಯು.ಎಲ್.' ಎಂಬ ಗುರುತು ಆ ದೇಶದ ಹಗುರಲೋಹದ ಗಾಲಿಗಳ ಪ್ರಮಾಣಕ್ಕೆ ತಕ್ಕುದೆಂದು ಮಾಡಿದವರ ಮಾತು, 'ವಿ.ಐ.ಎ.' ಎಂಬ ಗುರುತು ಹೊರಗಿನ ಪರೀಕ್ಷಕರ ಮುದ್ರೆ. ಹೆಸರಾಂತ ಗಾಲಿಯ ರೂಪವನ್ನು ಕದ್ದು, ಈ ಗುರುತುಗಳಿಲ್ಲದೆ ಅಗ್ಗವಾಗಿ ಮಾರುವವುಗಳಿಂದ ದೂರವಿರುವುದು ಲೇಸು. ಹೊರನೋಟದ ಬಣ್ಣವೊಂದೇ, ಒಳಗಿನ ಎರಕ ಬೇರೆ.

ಕಾನೂನನ್ನೂ ಕೇಳಬೇಕು. ಜರ್ಮನಿಯಲ್ಲಿ ಬೇರೆ ಗಾಲಿ ಹಾಕುವವರು ಆ ಗಾಲಿ ಆ ಕಾರಿಗೆ ಸಲ್ಲುವುದೆಂಬ ಪ್ರಮಾಣಪತ್ರವನ್ನು ತೋರಿಸಬೇಕು. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿ, ತಯಾರಕರು ಮೂಲದಲ್ಲಿ ಹೇಳಿದ ವಿವರಗಳಿಗೆ ನೋಂದಣಿಯ ವಿವರಗಳು ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ನಿಯಮವನ್ನು ಎತ್ತಿಹಿಡಿಯಿತು. ಆದುದರಿಂದ ನಮ್ಮ ಊರಿನ ಕಾರುಗಳವರಿಗೆ ಕ್ಷೇಮವಾದ ದಾರಿಯೊಂದಿದೆ. ನಿಮ್ಮ ಕಾರಿನ ಅದೇ ಮಾದರಿಯಲ್ಲಿ, ಹೆಚ್ಚು ಬೆಲೆಯ ಕಾರಿಗೆ ಕಂಪೆನಿಯವರೇ ಕೊಡುವ ಗಾಲಿಯ ಅಳತೆ ಯಾವುದು ಎಂದು ವಿಚಾರಿಸಿ. ಬದಲಾಯಿಸುವುದೇ ಆದರೆ ಆ ಎಲ್ಲೆಯೊಳಗೆ ನಿಲ್ಲಿ. ಅಳತೆಯನ್ನು ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿಯೋ ಕಾರಿನ ಜೊತೆ ಬಂದ ಪುಸ್ತಕದಲ್ಲಿಯೋ ಕಾಣಬಹುದು. ವಿಮೆಯವರಿಗೂ ಒಂದು ಮಾತು ತಿಳಿಸಿರಿ. ಅಪಘಾತವಾದ ಮೇಲೆ ತಿಳಿಸುವುದಕ್ಕಿಂತ ಮೊದಲೇ ತಿಳಿಸುವುದು ಸುಲಭ.

ಹಾಗಾದರೆ ಕೊಳ್ಳುವ ಕ್ರಮ ಹೇಗೆ? ಮೊದಲು ತೂತುಗಳ ಸಂಖ್ಯೆ ಮತ್ತು ಪಿ.ಸಿ.ಡಿ. ಅದು ಹೊಂದದಿದ್ದರೆ ಮುಂದಿನ ಮಾತೇ ಬೇಡ. ಎರಡನೆಯದು ನಡುತೂತು ಮತ್ತು ನಟ್ಟಿನ ಆಕಾರ. ಮೂರನೆಯದು ಬ್ರೇಕಿಗೆ ಒಳಗೆ ಎಡೆಯಿದೆಯೇ ಎಂಬುದು. ನಾಲ್ಕನೆಯದು ಟೈರು ಸೇರಿ ಒಟ್ಟು ಎತ್ತರ. ಐದನೆಯದು ಅಗಲ ಮತ್ತು ಆಫ್‌ಸೆಟ್, ಒಳಕ್ಕೆಷ್ಟು ಹೊರಕ್ಕೆಷ್ಟು ಎಂಬ ಲೆಕ್ಕ. ಆರನೆಯದು ಹೊರೆ ಮತ್ತು ತೂಕ. ಅಂದಚಂದ ಏಳನೆಯದು. ನಮ್ಮ ಹುಡುಗರು ಏಳನೆಯದರಿಂದ ಮೊದಲುಮಾಡುವುದರಿಂದಲೇ ಉಳಿದ ಆರೂ ಎಡವುವುದು.

ಹಾಕಿಸಿದ ಮೇಲೆಯೂ ಒಂದು ಪರೀಕ್ಷೆಯುಂಟು. ಕಾರಿನಲ್ಲಿ ಜನ ಕೂರಿಸಿ, ಸಾಮಾನು ತುಂಬಿಸಿ, ಸ್ಟೀಯರಿಂಗನ್ನು ಎಡದ ತುದಿಗೂ ಬಲದ ತುದಿಗೂ ತಿರುಗಿಸಿ, ಗಾಲಿಗೂ ಒಳಭಾಗಗಳಿಗೂ ನಡುವೆ ಬೆರಳು ಆಡುತ್ತದೆಯೇ ನೋಡಿ. ನಿಧಾನವಾಗಿ ಒಂದು ಉಬ್ಬನ್ನು ಓರೆಯಾಗಿ ದಾಟಿ, ಕಿವಿಗೊಟ್ಟು ಕೇಳಿ. ಗಾಲಿಗಳ ತೂಕ ಸಮಮಾಡಿಸಿ, ದಿಕ್ಕು ನೇರಮಾಡಿಸಿ. ಹಳೆಯ ಗಾಲಿಗಳನ್ನು ಒಡನೆ ಮಾರಬೇಡಿ. ಒಂದು ಮಳೆಗಾಲ ಕಳೆಯುವವರೆಗೆ ಅಟ್ಟದ ಮೇಲಿರಲಿ.

ಮುಂದೆ ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಗಾಲಿಯ ಚಿತ್ರವನ್ನು ತೋರಿಸಿ "ಹೇಗಿದೆ?" ಎಂದು ಕೇಳಿದರೆ ಬೇಡವೆಂದು ಗದರಿಸಬೇಕಾಗಿಲ್ಲ. ಒಂದು ಹಾಳೆ, ಒಂದು ಪೆನ್ಸಿಲು ಕೊಟ್ಟು, "ಹಳೆಯದರ ಎತ್ತರವೆಷ್ಟು, ಹೊಸದರದೆಷ್ಟು? ಒಳಕ್ಕೆಷ್ಟು, ಹೊರಕ್ಕೆಷ್ಟು?" ಎಂದು ಕೇಳಿ. ಲೆಕ್ಕ ಬಂದರೆ ಕೊಳ್ಳಲಿ. ಕೂಡುವುದು, ಕಳೆಯುವುದು, ಗುಣಿಸುವುದು, ಇಷ್ಟೇ ಬೇಕಾದುದು. ಪ್ರಾಥಮಿಕ ಶಾಲೆಯನ್ನು ಮುಗಿಸಿದವರಿಗೆ ಇದು ಭಾರವಲ್ಲ.